ಬೆಳಕಿಗಲ್ಲದ ಕಿಟಕಿ

ಕಟ್ಟೆಮಳಲವಾಡಿ

ನಾನು ಹಾಲಿನ ಡೇರಿಯ ಸೆಕ್ರೆಟರಿ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಡೇರಿಯ ಬಾಗಿಲು ತೆಗೆಯುವವಳಿಗೆ ಹುಣಸೂರಿನ ಛತ್ರದಲ್ಲಿ ಒಂದು ಮದುವೆ ಊಟ ಮಾಡಿ ಬರುವುದೇ ದೊಡ್ಡ ಪ್ರವಾಸ. ಅಂಥವಳಿಗೆ ಹಾಲು ಒಕ್ಕೂಟದವರು, ಡೆನ್ಮಾರ್ಕ್ ದೇಶಕ್ಕೆ ಹೋಗಿ ಅಲ್ಲಿಯ ಹಾಲಿನ ಸಂಘಗಳನ್ನು ನೋಡಿಕೊಂಡು ಬನ್ನಿ ಎಂದರು. ನಾನು ಮೊದಲು ಕೇಳಿದ್ದು, ಅಷ್ಟು ದಿನ ಇಲ್ಲಿ ಹಾಲಿನ ಫ್ಯಾಟು ಅಳೆದು ನೋಡುವವರು ಯಾರು ಎಂದು. ನೋಡುವವರು ಸಿಕ್ಕರು. ನಾನಿಲ್ಲದಿದ್ದರೆ ಹಾಲು ಒಡೆದುಹೋಗುತ್ತದೆ ಎಂಬ ನನ್ನ ಜಂಬ ಅಲ್ಲಿಗೆ ಮುಗಿಯಿತು.

ಹೊರಡುವ ಹಿಂದಿನ ದಿನ ತವರಿಗೆ ಹೋದೆ. ನನ್ನನ್ನು ಕೊಟ್ಟದ್ದೂ ಅದೇ ಊರಿಗೆ, ತವರು ಎರಡು ಬೀದಿ ಆಚೆ. ತಮ್ಮ ಮಾದೇವನ ಮಗಳಿಗೆ ಮದುವೆ ಗೊತ್ತಾಗಿತ್ತು, ಮನೆಯ ತುಂಬ ಗಾರೆ ಕೆಲಸ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಇವನು ಎರಡನ್ನೂ ಒಂದೇ ಸಲ ನೋಡಲು ಹೊರಟಿದ್ದ. ನನ್ನನ್ನು ಹಿತ್ತಿಲ ಕಡೆಯ ಕೋಣೆಗೆ ಕರೆದುಕೊಂಡು ಹೋಗಿ ಅಲ್ಲಿದ್ದ ಸಣ್ಣ ಕಿಟಕಿ ತೋರಿಸಿದ.

"ಇಲ್ಲೊಂದು ಬೀರು ಇಡ್ಬೇಕು ಕಣಕ್ಕ. ಈ ಕಿಟ್ಕಿ ಮುಚ್ಚುಸ್ಬುಡ್ಲಾ?"

ನೆಲದಿಂದ ಒಂದು ಮೊಳ ಎತ್ತರಕ್ಕೆ, ನಾಲ್ಕು ಕಂಬಿಯ ಕಿಟಕಿ ಅದು. ಮಳೆ ಬಂದರೆ ಇರಚಲು, ಇಲ್ಲದಿದ್ದರೆ ಬೆಕ್ಕು. ನಮ್ಮ ತವರಿನಲ್ಲಿ ಇಂಥ ವಿಷಯಕ್ಕೆಲ್ಲ ನನ್ನ ಮಾತೇ ಕೊನೆ. "ಮುಚ್ಚುಸು," ಎಂದೆ.

ಅವ್ವ ಅಲ್ಲೇ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಜಾಗವೇ ಅದು. ಹೊಲದ ಕೆಲಸಕ್ಕೆ ಹೋಗುವುದು ನಿಂತ ಮೇಲೆ ಅವಳು ಹೆಚ್ಚು ಹೊತ್ತು ಕಳೆದದ್ದು ಆ ಕಿಟಕಿಗೆ ಮೊಣಕೈ ಊರಿಕೊಂಡೇ.

"ನಾ ಇರೋಗಂಟ ಇರ್ಲಿ ಕಣವ್ವ. ಆಮೇಕೆ ಮುಚ್ಕಳಿ," ಎಂದಳು.

"ಬೆಳಕಿಗೆ ತಾನೆ? ಟ್ಯೂಬ್‌ಲೈಟ್ ಹಾಕುಸ್ತಾನೆ ಬುಡವ್ವ," ಎಂದೆ ನಾನು.

ಅವ್ವ ಕಿಟಕಿಯ ಕಡೆ ತಿರುಗಿಕೊಂಡಳು. ನಾನು ಸೂಟ್‌ಕೇಸು ತುಂಬುವ ಅವಸರದಲ್ಲಿದ್ದೆ.

ಮೊದಲ ದಿನ, ತುಪ್ಪದ ಕಥೆ

ನಾವು ಎಂಟು ಜನ ಹೆಂಗಸರು, ಎಲ್ಲ ನಮ್ಮ ಸುತ್ತಿನ ತಾಲ್ಲೂಕುಗಳ ಡೇರಿಯವರೇ. ಜೊತೆಗೆ ಮೈಸೂರಿನ ಸುಮಾ ಮೇಡಂ, ನಮ್ಮ ಬಾಯಿ ಮತ್ತು ಕಿವಿ ಎರಡೂ ಅವರೇ. ವಿಮಾನದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಪಿರಿಯಾಪಟ್ಟಣ ತಾಲ್ಲೂಕು ಕಂಪಲಾಪುರದ ಪುಟ್ಟತಾಯಕ್ಕ. ವಯಸ್ಸು ಅರವತ್ತರ ಮೇಲೆ, ಮಂಡಿ ನೋವು. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಆಕೆ ರಾಗಿ ಹಿಟ್ಟು, ಹುರುಳಿಕಾಳು, ಉಪ್ಪಿನಕಾಯಿಗಳ ನಡುವೆ ಒಂದು ಡಬ್ಬಿ ತುಪ್ಪ ತಂದಿದ್ದಳು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಚೀಲ ಬಿಚ್ಚಿಸಿ ಎಲ್ಲವನ್ನೂ ಬಿಟ್ಟು ತುಪ್ಪವನ್ನು ಮಾತ್ರ ಎತ್ತಿಟ್ಟುಕೊಂಡ. ಹೊರದೇಶದ ಹಾಲಿನ ಪದಾರ್ಥ ಒಳಗೆ ಬರುವಂತಿಲ್ಲವಂತೆ.

"ನಮ್ಮನೆ ಹಸ ಕಣಪ್ಪ. ಏನೂ ಬೆರ್ಸಿಲ್ಲ, ಬೇಕಾರೆ ಮೂಸ್ ನೋಡು," ಎಂದು ಪುಟ್ಟತಾಯಕ್ಕ ಮುಚ್ಚಳ ತೆಗೆದು ಅವನ ಮೂಗಿಗೇ ಹಿಡಿದಳು.

ಅವನು ಮೂಸಿದ. ತಲೆಯನ್ನೂ ಆಡಿಸಿದ. ತುಪ್ಪವನ್ನು ಮಾತ್ರ ಕೊಡಲಿಲ್ಲ. "ಆಲಿನೋರ್ನ ಕರ್ಸಿ ತುಪ್ಪ ಕಿತ್ಕತ್ತರಲ್ಲ, ಎಂತಾ ನಂಟ್ರು ಇವ್ರು," ಎಂದು ಆಕೆ ದಾರಿಯುದ್ದಕ್ಕೂ ಗೊಣಗಿದಳು. ನಾನು ಉಪ್ಪಿನಕಾಯಿ ಉಳಿಯಿತಲ್ಲ ಎಂದು ಸಮಾಧಾನ ಮಾಡಿದೆ.

ಮೂರನೆಯ ದಿನ, ಹೊರಗೆ ಮಲಗಿದ ಕೂಸು

ಡೆನ್ಮಾರ್ಕಿನ ಪಶ್ಚಿಮ ಭಾಗಕ್ಕೆ ಜಟ್ಲೆಂಡ್ ಎನ್ನುತ್ತಾರೆ. ನೆಲ ಚಪ್ಪಟೆ. ಗಾಳಿಯೋ ಗಾಳಿ. ಮರಗಳೆಲ್ಲ ಒಂದೇ ಕಡೆಗೆ ಬಾಗಿ ನಿಂತಿವೆ. ಮೇ ತಿಂಗಳ ಕೊನೆಯಾದರೂ ನಮಗೆ ಎರಡೆರಡು ಸ್ವೆಟರು. ಕೊಟ್ಟಿಗೆಗಳು ಅಚ್ಚುಕಟ್ಟು, ಹಸುಗಳು ತಾವೇ ಹೋಗಿ ಯಂತ್ರದಡಿ ನಿಂತು ಹಾಲು ಕರೆಸಿಕೊಂಡು ಬರುತ್ತವೆ. ಒಂದಕ್ಕೂ ಹೆಸರಿಲ್ಲ, ಕಿವಿಯಲ್ಲಿ ನಂಬರು. ನಮ್ಮೂರಲ್ಲಿ ಹೆಸರು ಹಿಡಿದು ಕರೆಯದಿದ್ದರೆ ಕಾಲು ಝಾಡಿಸುವ ಹಸುಗಳಿವೆ.

ಅಲ್ಲಿಯ ಒಂದು ಪದ್ಧತಿ ಮಾತ್ರ ನಮ್ಮನ್ನು ಬೆಚ್ಚಿಬೀಳಿಸಿತು. ಕಾಫಿ ಕುಡಿಯಲು ಹೋದ ಅಂಗಡಿಯ ಮುಂದೆ, ಆ ಚಳಿಯಲ್ಲಿ, ತಳ್ಳುಗಾಡಿಯೊಳಗೆ ಒಂದು ಕೂಸು ಮಲಗಿತ್ತು. ಸುತ್ತ ಯಾರೂ ಇಲ್ಲ. ಪುಟ್ಟತಾಯಕ್ಕ ಗಾಡಿಯನ್ನು ತಳ್ಳಿಕೊಂಡು ಒಳಗೆ ಬಂದೇಬಿಟ್ಟಳು. ಕಿಟಕಿಯ ಬಳಿ ಕೂತಿದ್ದ ತಾಯಿ ಎದ್ದು ಓಡಿಬಂದಳು. ಅಲ್ಲಿ ಮಕ್ಕಳನ್ನು ಹೊರಗೇ ಮಲಗಿಸುವುದಂತೆ, ಗಾಳಿ ಒಳ್ಳೆಯದಂತೆ. ತಾಯಿ ಒಳಗಿನಿಂದ ಗಾಜಿನ ಮೂಲಕ ನೋಡುತ್ತಲೇ ಇರುತ್ತಾಳಂತೆ. ಸುಮಾ ಮೇಡಂ ಕ್ಷಮೆ ಕೇಳಿದರು.

"ನೋಡ್ತಾ ಇದ್ರೆ ಸರಿ ಬುಡು," ಎಂದು ಪುಟ್ಟತಾಯಕ್ಕ ಗಾಡಿಯನ್ನು ಮತ್ತೆ ಹೊರಗೆ ಬಿಟ್ಟು ಬಂದಳು. ಆದರೂ ಕಾಫಿ ಮುಗಿಯುವವರೆಗೆ ಅವಳ ಕಣ್ಣು ಅಲ್ಲೇ ಇತ್ತು.

ಐದನೆಯ ದಿನ, ಅವರ ತೊಟ್ಟಿಮನೆ

ಅದು ಬಿಡುವಿನ ದಿನ. ಆರು ಜನ ಅಂಗಡಿಗಳಿಗೆ ಹೊರಟರು. ಅಂಗಡಿಯಲ್ಲಿ ಭಾಷೆ ಬೇಡ, ಬೆರಳು ಸಾಕು. ಹಾಗಾಗಿ ಸುಮಾ ಮೇಡಂ ನನಗೆ ಸಿಕ್ಕರು. ಊರಾಚೆ ಒಂದು ಹಳೆಯ ರೈತರ ಮನೆಯನ್ನು ಇದ್ದ ಹಾಗೇ ಕಾಪಾಡಿ ಇಟ್ಟಿದ್ದಾರೆ ಎಂದು ಕೇಳಿದ್ದೆ. ಅದನ್ನು ನೋಡೋಣ ಎಂದೆ. ಅಲ್ಲಿ ಬೆಂಚು ಇರುತ್ತದೆ ಎಂಬ ಒಂದೇ ಕಾರಣಕ್ಕೆ ಪುಟ್ಟತಾಯಕ್ಕ ನಮ್ಮ ಜೊತೆ ಬಂದಳು.

ಮನೆ ನೋಡಿ ನಾನು ಬಾಗಿಲಲ್ಲೇ ನಿಂತೆ. ನಾಲ್ಕೂ ಕಡೆ ಕಟ್ಟಡ, ನಡುವೆ ಅಂಗಳ. ಹೆಂಚಿನ ಬದಲು ಹುಲ್ಲಿನ ಸೂರು, ಅಷ್ಟೇ. ನಮ್ಮ ಕಡೆಯ ತೊಟ್ಟಿಮನೆಯನ್ನು ಯಾರೋ ಎತ್ತಿ ತಂದು ಚಳಿಯಲ್ಲಿ ಇಟ್ಟಂತಿತ್ತು.

ಮನೆ ತೋರಿಸುವಾಕೆಯ ಹೆಸರು ಕಿರ್ಸ್ಟನ್. ಎಪ್ಪತ್ತರ ಮುದುಕಿ, ಗಂಡಸರ ಬೂಟು, ಕೈಯಲ್ಲೊಂದು ಸಣ್ಣ ಮರದ ಕೋಲು. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸುಮಾ ಮೇಡಂ ನಮಗೆ ಕನ್ನಡದಲ್ಲಿ ಹೇಳಿದರು. ಆಕೆ ರಾಜರ ಕಥೆ ಹೇಳಲಿಲ್ಲ, ಯುದ್ಧದ ಕಥೆಯನ್ನೂ ಹೇಳಲಿಲ್ಲ. ಕೋಲಿನಿಂದ ಗೋಡೆ ತಟ್ಟಿ, ಇದು ಮೊದಲು, ಇದು ಆಮೇಲೆ ಎಂದು ತೋರಿಸುತ್ತಾ ಹೋದಳು.

ಮೊದಲಿಗೆ ಇದ್ದದ್ದು ಉದ್ದನೆಯ ಒಂದೇ ಒಂದು ಮನೆ. ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ದನ, ಬಾಗಿಲು ಇಬ್ಬರಿಗೂ ಒಂದೇ. ಹೊಗೆ ಹೋಗಲು ಸೂರಿನಲ್ಲೊಂದು ತೂತು. ಆಮೇಲೆ ಕೈಯಲ್ಲಿ ನಾಲ್ಕು ಕಾಸಾಡಿದಾಗ ದನಕ್ಕೆ ಬೇರೆ ಕೊಟ್ಟಿಗೆ, ಅದು ಅಂಗಳದ ಎರಡನೆಯ ಬದಿ. ಕಾಳಿಗೆ ಕಣಜ, ಅದು ಮೂರನೆಯದು. ಗಾಳಿ ತಡೆಯಲು ನಾಲ್ಕನೆಯದು ಕಟ್ಟಿ ಅಂಗಳವನ್ನು ಮುಚ್ಚಿದರು. ಮಣ್ಣು ಮೆತ್ತಿದ ಗೋಡೆ ತೆಗೆದು ಇಟ್ಟಿಗೆ ಇಟ್ಟರು. ಎಲ್ಲಿ ಹಳೆಯ ಇಟ್ಟಿಗೆ ಮುಗಿದು ಹೊಸದು ಶುರುವಾಯಿತೋ ಅಲ್ಲಿ ಬಣ್ಣದಲ್ಲೇ ಒಂದು ಗೆರೆ ಕಾಣುತ್ತದೆ. ತೊಲೆಗಳ ಮೇಲೆ ಬಡಗಿ ಉಳಿಯಿಂದ ಕೊರೆದ ಗುರುತುಗಳಿದ್ದವು. ಯಾವ ತೊಲೆ ಯಾವ ಕಂಬಕ್ಕೆ ಎಂದು ಮರೆಯದಿರಲು ನಮ್ಮ ಬಡಗಿಗಳೂ ಹಾಗೇ ಗೀರುತ್ತಾರೆ ಎಂದೆ. ಕಿರ್ಸ್ಟನ್ ಬಹಳ ಸಂತೋಷಪಟ್ಟು ನನ್ನ ಭುಜ ತಟ್ಟಿದಳು.

ಮಲಗುವುದಕ್ಕೆ ಗೋಡೆಯೊಳಗೇ ಬೀರುವಿನಂಥ ಗೂಡು. ಅದು ಎಷ್ಟು ಗಿಡ್ಡವೆಂದರೆ ನಾನು ಕಾಲು ಚಾಚುವಂತಿಲ್ಲ. ಆಗಿನ ಜನ ದಿಂಬಿಗೆ ಒರಗಿ ಅರ್ಧ ಕೂತೇ ಮಲಗುತ್ತಿದ್ದರಂತೆ. ಪೂರ್ತಿ ಅಂಗಾತ ಮಲಗುವುದು ಸತ್ತವರು ಮಾತ್ರ ಎಂಬ ನಂಬಿಕೆಯಂತೆ.

"ನಮ್ಮಲ್ಲೂ ಉತ್ತರಕ್ಕೆ ತಲೆ ಆಕಲ್ವಲ್ಲ, ಅಂಗೆಯ," ಎಂದಳು ಪುಟ್ಟತಾಯಕ್ಕ.

ಅದೇ ಮನೆ, ಮೂಲೆಯ ಕೋಣೆ

ಕೊನೆಗೆ ಒಂದು ಕೋಣೆಗೆ ಹೋದೆವು. ಹಬ್ಬಕ್ಕೆ, ಮದುವೆಗೆ ಮತ್ತು ಹೆಣ ಇಡುವುದಕ್ಕೆ ಮಾತ್ರ ತೆಗೆಯುತ್ತಿದ್ದ ಕೋಣೆ ಅದು. ಉತ್ತರದ ಗೋಡೆಯ ಮೇಲೆ ಬಾಗಿಲಿನ ಆಕಾರ ಕಾಣುತ್ತಿತ್ತು, ಆದರೆ ಬಾಗಿಲಿರಲಿಲ್ಲ. ಬೇರೆ ಬಣ್ಣದ ಇಟ್ಟಿಗೆ ತುಂಬಿ ಮುಚ್ಚಿದ್ದರು.

ಕಿರ್ಸ್ಟನ್ ಕೋಲಿನಿಂದ ಆ ಇಟ್ಟಿಗೆಯನ್ನು ತಟ್ಟಿದಳು. ಆ ಸೀಮೆಯಲ್ಲಿ ಹಿಂದೆ ಮನೆಯ ಬಾಗಿಲಿನಿಂದ ಹೆಣ ಒಯ್ಯುತ್ತಿರಲಿಲ್ಲವಂತೆ. ಈ ಇಟ್ಟಿಗೆ ತೆಗೆದು, ಶವಪೆಟ್ಟಿಗೆಯನ್ನು ಇಲ್ಲಿಂದ ದಾಟಿಸಿ, ಕೂಡಲೇ ಮತ್ತೆ ಕಟ್ಟಿಬಿಡುತ್ತಿದ್ದರಂತೆ. ಸತ್ತವರು ಮನೆಗೆ ಮರಳಲು ಹೋದ ದಾರಿಯನ್ನೇ ಹುಡುಕುತ್ತಾರೆ, ಆ ದಾರಿ ಗೋಡೆಯಾಗಿದ್ದರೆ ತಿರುಗಿ ಹೋಗುತ್ತಾರೆ ಎಂದು.

ಸುಮಾ ಮೇಡಂ ಇದನ್ನು ಹೇಳಿ ಮುಗಿಸುವ ಮೊದಲೇ ನನಗೆ ಅರ್ಥವಾಗಿತ್ತು. ನಮ್ಮ ಕಡೆ ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಮಾಡುವುದೂ ಇದನ್ನೇ. ಗೋಡೆ ಒಡೆದು ಹೆಣ ತೆಗೆದು, ಅಂದೇ ಮುಚ್ಚಿ, ಬಾಗಿಲಿಗೆ ಮುಳ್ಳು ಹಾಕಿ ಕೆಲವು ತಿಂಗಳು ಮನೆ ಬಿಡುತ್ತಾರೆ. ನಾವೂ ಬಿಟ್ಟಿದ್ದೆವು. ನನಗಾಗ ಹನ್ನೆರಡು, ಮಾದೇವನಿಗೆ ಮೂರು. ನನ್ನ ಅಕ್ಕ ಗೌರಿಗೆ ಹದಿನಾರು. ಕಾಮಾಲೆಯಾಗಿ ಹದಿನೈದೇ ದಿನಕ್ಕೆ ಹೋಗಿಬಿಟ್ಟಳು. ನಮ್ಮಿಬ್ಬರನ್ನು ಪಕ್ಕದ ಮನೆಗೆ ಕಳಿಸಿದ್ದರು. ಅಲ್ಲಿ ಕೂತು ನಾನು ಮಣ್ಣಿನ ಗೋಡೆಗೆ ಹಾರೆ ಬೀಳುವ ಸದ್ದು ಕೇಳಿದೆ. ಆಮೇಲೆ ಮೂರು ತಿಂಗಳು ಹೊಲದಲ್ಲಿದ್ದ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಎಂಬ ಕಟ್ಟಡದಲ್ಲಿ ಇದ್ದೆವು. ಗೌರಿಯ ಹೆಸರನ್ನು ಅವ್ವ ಅಲ್ಲಿಯೂ ಎತ್ತಲಿಲ್ಲ, ಆಮೇಲೆಯೂ ಎತ್ತಲಿಲ್ಲ.

"ಆದರೆ ಇದೊಂದು ನಮಗೆ ಅರ್ಥವಾಗಿಲ್ಲ," ಎಂದಳು ಕಿರ್ಸ್ಟನ್.

ಮುಚ್ಚಿದ ಬಾಗಿಲಿನ ನಡುವೆ ಒಂದು ಸಣ್ಣ ಕಿಟಕಿ ಇತ್ತು. ಬಾಗಿಲನ್ನು ಕಟ್ಟಿದ ಮೇಲೆ ಯಾರೋ ಆ ಇಟ್ಟಿಗೆಯನ್ನೇ ಒಡೆದು ಕೂರಿಸಿದ್ದು. ಮನೆಯ ಉಳಿದ ಕಿಟಕಿಗಳೆಲ್ಲ ಅಂಗಳಕ್ಕೆ ತೆರೆದರೆ ಇದೊಂದು ಮಾತ್ರ ಆಚೆಯ ಬಯಲಿಗೆ. ಮಗ್ಗಕ್ಕೆ ಬೆಳಕು ಬೇಕಾಗಿತ್ತು ಎಂದು ಕೆಲವರು ಹೇಳುತ್ತಾರಂತೆ. ಆದರೆ ಮಗ್ಗ ಇದ್ದದ್ದು ಬೇರೆ ಕೋಣೆಯಲ್ಲಿ. ಗಾಳಿಗಾಗಿ ಎಂದು ಕೆಲವರು. ಆ ಊರಲ್ಲಿ ಗಾಳಿಯನ್ನು ಯಾರಾದರೂ ಒಳಗೆ ಕರೆಯುತ್ತಾರೆಯೇ ಎಂದು ಅವಳೇ ನಕ್ಕಳು. ಕಿಟಕಿಯ ಕೆಳಗಿನ ಹಲಗೆ ಒಂದು ಕಡೆ ಬಟ್ಟಲಿನ ಹಾಗೆ ಸವೆದಿತ್ತು. ಹೂವಿನ ಕುಂಡ ಇಟ್ಟು ಇಟ್ಟು ಸವೆದಿರಬೇಕು ಎಂದಳು.

ಪುಟ್ಟತಾಯಕ್ಕ ಬೆಂಚಿನಿಂದ ಎದ್ದಳು. ಹಲಗೆಯ ಹತ್ತಿರ ಹೋಗಿ ಸವೆದ ಜಾಗದಲ್ಲಿ ತನ್ನ ಮೊಣಕೈ ಇಟ್ಟು ನೋಡಿದಳು. ಸರಿಯಾಗಿ ಕೂತಿತು.

"ಕುಂಡ ಅಲ್ಲ ಕಣ್ರೀ ಇದು. ಯಾರೋ ತಾಯಿ ತೆಗ್ಸವ್ಳೆ ಈ ಕಿಟ್ಕೀಯ. ಮಗ ಸತ್ತೋದ್ಮೇಲೆ ಇವ್ರೆಲ್ಲ ದಾರಿ ಮುಚ್ಬುಟ್ಟವ್ರೆ. ಬತ್ತದೇನೋ ಅಂತ ಅವ್ಳು ಇಲ್ಲೇ ಕುಂತವ್ಳೆ."

ಸುಮಾ ಮೇಡಂ ನಿಧಾನವಾಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಕಿರ್ಸ್ಟನ್ ಹಲಗೆಯನ್ನು ನೋಡಿದಳು, ಪುಟ್ಟತಾಯಕ್ಕನ ಮೊಣಕೈಯನ್ನು ನೋಡಿದಳು. ಇಷ್ಟು ವರ್ಷ ಮನೆ ತೋರಿಸಿದ್ದೇನೆ, ಇದನ್ನು ಯಾರೂ ಹೇಳಿರಲಿಲ್ಲ ಎಂದಳು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಇಟ್ಟಳು.

ಅವ್ವ ಮಾಡಿದ್ದೂ ಇದನ್ನೇ. ನಾವು ಬ್ಯಾರನ್ನಿನಿಂದ ಮನೆಗೆ ಮರಳಿ, ಗಂಜಳ ಚಿಮುಕಿಸಿ, ಹಾಲುಕ್ಕಿಸಿದ ಮೂರನೆಯ ದಿನ, ಅಪ್ಪನಿಗೆ ಒಂದು ಎದುರು ಮಾತಾಡದ ಅವ್ವ ತಾನೇ ಹಾರೆ ಹಿಡಿದು, ಗೌರಿಯನ್ನು ದಾಟಿಸಿ ಮುಚ್ಚಿದ್ದ ಗೋಡೆಯಲ್ಲಿ ತಲೆಯಷ್ಟು ತೂತು ಮಾಡಿದ್ದಳು. ಅಪ್ಪ ಯಾಕೆಂದು ಕೇಳಿದಾಗ, "ಒಗೆ ಓಗ್ಲಿ ಅಂತ," ಎಂದಿದ್ದಳು. ನಮ್ಮ ಒಲೆ ಇದ್ದದ್ದು ಮನೆಯ ಇನ್ನೊಂದು ತುದಿಯಲ್ಲಿ. ಅಪ್ಪ ಸ್ವಲ್ಪ ಹೊತ್ತು ತೂತನ್ನೇ ನೋಡುತ್ತಾ ನಿಂತಿದ್ದ. ವಾರ ಕಳೆದು ಬಡಗಿಯನ್ನು ಕರೆತಂದು ನಾಲ್ಕು ಕಂಬಿಯ ಕಿಟಕಿ ಇಡಿಸಿದ. ಅಪ್ಪನಿಗೆ ಗೊತ್ತಾಗಿತ್ತು. ನಲವತ್ತು ವರ್ಷ ಆ ಮನೆಯಲ್ಲಿ ಓಡಾಡಿದ ನನಗೆ ಗೊತ್ತಾಗಲಿಲ್ಲ. ಗೋಡೆ ಒಡೆದ ಸದ್ದು ನನಗೆ ನೆನಪಿತ್ತು, ಕಿಟಕಿ ಬಂದದ್ದೂ ನೆನಪಿತ್ತು. ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಸಮುದ್ರ ದಾಟಿ ಬಂದು ಹುಡುಕಿದೆ. ಇರೋಗಂಟ ಇರ್ಲಿ ಎಂದವಳಿಗೆ ಟ್ಯೂಬ್‌ಲೈಟ್ ಹಾಕಿಸುತ್ತಾನೆ ಎಂದಿದ್ದೆನಲ್ಲ.

ಅದೇ ಮನೆಯ ಅಂಗಳ

ಅಂಗಳಕ್ಕೆ ಓಡಿ ಬಂದು ಮಾದೇವನಿಗೆ ಫೋನ್ ಮಾಡಿದೆ. ಇಲ್ಲಿ ಮಧ್ಯಾಹ್ನ, ಊರಲ್ಲಿ ಸಂಜೆ ಡೇರಿಗೆ ಹಾಲು ಬರುವ ಹೊತ್ತು.

"ಕಿಟ್ಕಿ ಮುಚ್ಚಬ್ಯಾಡ ಕಣೋ," ಎಂದೆ.

"ಆಯ್ತಲ್ಲಕ್ಕ, ಮುಗ್ದೋಯ್ತು. ಮದ್ಯಾನ್ನಕ್ಕೆ ಗಾರೆನೂ ಮೆತ್ತಾಯ್ತು. ಎಷ್ಟು ನೀಟಾಗದೆ ಅಂತೀಯ. ಪೋಟೋ ಕಳುಸ್ಲಾ?"

"ಅವ್ವ ಏನಂದ್ಳು?"

"ಏನೂ ಅನ್ನಿಲ್ಲ. ಗಾರೆಯೋರ್ಗೆ ಕಾಪಿ ಕೊಡ್ಸುದ್ಳು. ಆಮೇಕೆ ಇತ್ಲಿಗೋಗಿ ಗ್ವಾಡೆಗೆ ಒರಗ್ಕಂಡು ಕುಂತವ್ಳೆ. ಒಳಿಕ್ ಬಾ ಅಂದ್ರೆ ಬತ್ತೀನಿ ಓಗು ಅಂತಾಳೆ. ತಣ್ಣಗದಲ್ಲ ಗ್ವಾಡೆ, ಅದ್ಕೇ ಇರ್ಬೇಕು."

ಅವನಿಗೆ ಎಲ್ಲ ಹೇಳಿದೆ. ಗೋಡೆ ಒಡೆದಾಗ ಅವನಿಗೆ ಮೂರು ವರ್ಷ, ಗೌರಿಯ ಮುಖವೂ ಅವನಿಗೆ ನೆನಪಿಲ್ಲ. "ನೀನೆ ಅಲ್ವೇನಕ್ಕ ಮುಚ್ಚುಸು ಅಂದುದ್ದು," ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಅಳು ಇತ್ತು. ನಾನು ಬರುವವರೆಗೆ ಅಲ್ಲಿ ಬೀರು ಇಡಬೇಡ ಎಂದು ಹೇಳಿ ಫೋನ್ ಇಟ್ಟೆ.

ಹೊರಡುವಾಗ ಕಿರ್ಸ್ಟನ್ ಬಾಗಿಲವರೆಗೆ ಬಂದಳು. ನಾನು ಯಾಕೆ ಅಳುತ್ತಿದ್ದೇನೆ ಎಂದು ಕೇಳಲಿಲ್ಲ. ಪುಟ್ಟತಾಯಕ್ಕ ವ್ಯಾನಿನಲ್ಲಿ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. "ಒಡ್ಸಿ ಮತ್ತೆ ಇಡ್ಸವ್ವ, ಅದೇನ್ ಮಾ ದೊಡ್ ಕೆಲ್ಸ," ಎಂದಳು. ಉಳಿದ ಎರಡು ದಿನ ನಾನು ಏನು ನೋಡಿದೆನೋ ನನಗೆ ನೆನಪಿಲ್ಲ. ವರದಿ ಬರೆಯುವಾಗ ಸುಮಾ ಮೇಡಂ ಅವರನ್ನು ಕೇಳಿ ಬರೆದೆ.

ಮತ್ತೆ ಕಟ್ಟೆಮಳಲವಾಡಿ

ಬಸ್ಸಿಳಿದು ನನ್ನ ಮನೆಗೆ ಹೋಗದೆ ಚೀಲದ ಸಮೇತ ನೇರ ತವರಿಗೆ ಹೋದೆ. ಮನೆಗೆ ಬಣ್ಣ ಬಳಿದಾಗಿತ್ತು. ನಾನು ಹುಟ್ಟಿದಾಗಿನಿಂದ ಸುಣ್ಣದ ಬಿಳಿಯಿದ್ದ ಮನೆ ಈಗ ಹಳದಿ. ಮುಂಬಾಗಿಲು ಮಾತ್ರ ಅಪ್ಪನ ಕಾಲದ ಹಸಿರಿನಲ್ಲೇ ಇತ್ತು. ಅದಕ್ಕೆ ಬಣ್ಣ ಮರುದಿನವಂತೆ.

ಅವ್ವ ಮುಂದಿನ ಜಗಲಿಯ ಮೇಲೆ ಕೂತಿದ್ದಳು. ಅಲ್ಲಿ ಅವಳು ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವಳ ಕಾಲ ಬಳಿ ಕುಕ್ಕರಿಸಿದೆ.

"ಅವ್ವ, ತಪ್ಪಾಯ್ತು ಕಣವ್ವ. ನಂಗೊತ್ತಾಗ್ನಿಲ್ಲ. ನಾಳೀಕೆ ಒಡ್ಸಿ ಮತ್ತೆ ಕಿಟ್ಕಿ ಇಡುಸ್ತೀನಿ."

ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು.

"ಬುಡು ಮಗ. ಮದ್ವೆ ಮನೆ, ಮತ್ಯಾಕೆ ಒಡ್ಯೋದು. ಅವತ್ತೇ ಗ್ವಾಡೆ ತಾವ ಕುಂತ್ಕಂಡು ಗೌರಿಗೆ ಏಳ್ಬುಟ್ಟಿವ್ನಿ. ಇತ್ಲಾಗೆ ಮುಚ್ಬುಟ್ರು ಕಣವ್ವ, ಇನ್ಮೇಕೆ ಮುಂದ್ಲು ಬಾಗ್ಲಾಗೆ ಬಾ ಅಂತ."

ಗೌರಿ ಹೋದ ಮೇಲೆ ಅವಳ ಹೆಸರು ಅವ್ವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೀದಿಯಲ್ಲಿ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುವವರು, ಬಂದ್ಯಾ ಜಯಕ್ಕ ಎಂದು ಕೇಳಿಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಗೋಡೆಯ ಕಡೆ ತಿರುಗಿ ನೋಡಿದಳು.

"ಬಣ್ಣ ಬ್ಯಾರೆ ಬದ್ಲಾಯ್ಸ್‌ಬುಟ್ರಿ. ಗುರ್ತು ಸಿಕ್ತದೋ ಇಲ್ವೋ."

ಮರುದಿನ ಬೆಳಿಗ್ಗೆ ಬಣ್ಣದವನು ಬರುವ ಮೊದಲೇ ಹೋಗಿ ಬಾಗಿಲ ಮುಂದೆ ನಿಂತೆ. ಅವನು ಬಂದಾಗ, ಬಾಗಿಲನ್ನು ಮುಟ್ಟಬೇಡ, ಇದ್ದ ಹಾಗೇ ಇರಲಿ ಎಂದೆ. ಮಾದೇವ ಬಣ್ಣದ ಡಬ್ಬಿಯನ್ನು ಎತ್ತಿ ಒಳಗಿಟ್ಟ.

ಮದುವೆಗೆ ಬಂದ ನೆಂಟರೆಲ್ಲ ಕೇಳಿದರು, ಮನೆಯೆಲ್ಲ ಹೊಸದು, ಬಾಗಿಲೊಂದು ಯಾಕೆ ಹಳೆಯದು ಎಂದು. ಬಣ್ಣ ಸಾಲಲಿಲ್ಲ ಎಂದೆ. ಎಷ್ಟೋ ಕಾಲದ ಮೇಲೆ ಯಾರಾದರೂ ಕೋಲು ಹಿಡಿದು ಈ ಮನೆಯನ್ನು ತೋರಿಸಿದರೆ, ಅವರೂ ಹಾಗೇ ಹೇಳಿಕೊಳ್ಳಲಿ.